ಬೂದಿಯಾದ ಪ್ಲಾಸ್ಟಿಕ್ಕಿಗೆ ಮತ್ತೆ ಕಪ್ಪು: ಹಳೇ ಕಾರಿನವರು ಮನೆಯಲ್ಲೇ ಮಾಡಬಹುದಾದ ಕೆಲಸ

ನಮ್ಮದು 2009ರ ವ್ಯಾಗನ್ ಆರ್. 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಬಂದಾಗ, ಆರ್‌ಟಿಓ ಕಚೇರಿಗೆ ಒಯ್ಯುವ ಹಿಂದಿನ ದಿನ ಗಾಡಿ ತೊಳೆದು ಅಂಗಳದಲ್ಲಿ ನಿಲ್ಲಿಸಿದೆ. ಬಣ್ಣ ಇನ್ನೂ ಚಂದ ಇತ್ತು, ಎಂಜಿನ್ನೂ ಗಟ್ಟಿ ಇತ್ತು. ಆದರೆ ಕನ್ನಡಿಯ ಕವಚ, ಬಾಗಿಲ ಹಿಡಿಕೆ, ಮುಂದಿನ ಗಾಜಿನ ಬುಡದ ಜಾಲರಿ, ಬಾಗಿಲ ಪಕ್ಕದ ಪಟ್ಟಿ ಎಲ್ಲವೂ ಒಲೆಬೂದಿ ಬಳಿದಂತೆ ಕಾಣುತ್ತಿದ್ದವು. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ, "ಗಾಡಿ ಛಲೋ ಐತ್ರಿ, ಆದ್ರ ಮೀಸಿ ನರತಾವ ನೋಡ್ರಿ" ಅಂದರು.

ನರೆತ ಮೀಸೆಗೆ ಬಣ್ಣ ಹಚ್ಚುವ ಕೆಲಸ ಅಂದುಕೊಂಡೇ ನಾನೂ ಶುರುಮಾಡಿದ್ದು. ಮೂರು ಸಲ ಕೆಟ್ಟ ಮೇಲೆ ಗೊತ್ತಾಯಿತು, ಇದು ಕಪ್ಪು ಹಚ್ಚುವ ಕೆಲಸ ಅಲ್ಲ, ಬಿಳಿ ತೆಗೆಯುವ ಕೆಲಸ. ಒಂದು ದಿನದ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದೇ ಇರುತ್ತದೆ. ಅದನ್ನು ಬಿಟ್ಟು ಎಷ್ಟೇ ದುಬಾರಿ ಬಾಟಲಿ ತಂದರೂ ಒಂದೆರಡು ಮಳೆಗೆ ಎಲ್ಲ ಹೋಗುತ್ತದೆ.

ಕಪ್ಪು ಎಲ್ಲಿಗೆ ಹೋಯಿತು?

ಎಲ್ಲಿಗೂ ಹೋಗಿಲ್ಲ. ಕಾರಿನ ಹೊರಗಿನ ಕಪ್ಪು ಪ್ಲಾಸ್ಟಿಕ್ ಬಹುಮಟ್ಟಿಗೆ ಪಾಲಿಪ್ರೊಪಿಲೀನ್ ಜಾತಿಯದು. ಅದಕ್ಕೆ ಕಪ್ಪು ಬರಿಸಲು ಕಾರ್ಬನ್ ಬ್ಲ್ಯಾಕ್ ಅನ್ನುವ ಮಸಿಯಂಥ ಪುಡಿ ಬೆರೆಸಿರುತ್ತಾರೆ. ಈ ಮಸಿ ಬಿಸಿಲಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಬಗ್ಗುವುದು ಅದರ ಸುತ್ತಲಿನ ಪ್ಲಾಸ್ಟಿಕ್. ಬಿಸಿಲಿನ ನೇರಳಾತೀತ ಕಿರಣ ಬಿದ್ದು, ಗಾಳಿಯ ಆಮ್ಲಜನಕ ಸೇರಿ, ಮೇಲ್ಪದರದ ಉದ್ದುದ್ದ ಎಳೆಗಳು ತುಂಡಾಗುತ್ತವೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತದೆ. ಬೆಳಕು ಆ ಬಿರುಕುಗಳಲ್ಲಿ ಚದುರಿ ನಮಗೆ ಬೂದಿ ಬಣ್ಣ ಕಾಣಿಸುತ್ತದೆ. ಕೆಲವು ಭಾಗಗಳಲ್ಲಿ ಗಟ್ಟಿತನಕ್ಕೆ ಟಾಲ್ಕ್ ಪುಡಿ ಬೆರೆಸಿರುತ್ತಾರೆ. ಮೇಲಿನ ಪ್ಲಾಸ್ಟಿಕ್ ಸವೆದಂತೆ ಆ ಬಿಳಿ ಪುಡಿಯೂ ಹೊರಗೆ ಇಣುಕುತ್ತದೆ.

ಚಿಕ್ಕವರಿದ್ದಾಗ ಶಾಲೆಗೆ ಒಯ್ಯುತ್ತಿದ್ದ ಪಾಟಿ ನೆನಪಿದೆಯಾ? ಒದ್ದೆ ಅರಿವೆಯಿಂದ ಒರೆಸಿದಾಗ ಕರ್ರಗೆ ಹೊಳೆಯುತ್ತಿತ್ತು. ಒಣಗಿದ ಕೂಡಲೇ ಮತ್ತೆ ಬೂದಿ. ಇಲ್ಲಿ ನಡೆಯುವುದೂ ಅದೇ. ನೀರು ಸಣ್ಣ ಸಂದುಗಳನ್ನು ತುಂಬಿದಾಗ ಬೆಳಕು ಚದುರುವುದು ಕಡಿಮೆಯಾಗಿ ಕಪ್ಪು ಕಾಣುತ್ತದೆ. ನಾವು ಹಚ್ಚುವ ಪ್ರತಿಯೊಂದು ಔಷಧವೂ ಒಣಗದ ನೀರಿನ ಕೆಲಸ ಮಾಡಬೇಕು, ಅಷ್ಟೇ.

ನಮ್ಮ ಕಡೆಯ ಬಿಸಿಲಿನ ಬಗ್ಗೆ ಬೇರೆ ಹೇಳಬೇಕಿಲ್ಲ. ಹುಬ್ಬಳ್ಳಿ-ಧಾರವಾಡ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಶುರುವಿನಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟಿನಲ್ಲಿ ಮೋಡ ಕಾಯುತ್ತದೆ, ಮೇ ತಿಂಗಳಲ್ಲಿ ಕಾಯುವವರು ಯಾರೂ ಇಲ್ಲ. ಅದಕ್ಕೇ ಮೇಲ್ಮುಖವಾಗಿರುವ ಭಾಗಗಳು, ಅಂದರೆ ಗಾಜಿನ ಬುಡದ ಜಾಲರಿ, ಕನ್ನಡಿಯ ಮೇಲ್ಭಾಗ, ರೂಫ್ ರೇಲ್, ಮೊದಲು ಬೆಳ್ಳಗಾಗುತ್ತವೆ. ನನ್ನ ಗಾಡಿ ದಿನಾ ನಿಲ್ಲುವ ಜಾಗದಲ್ಲಿ ಎಡಬದಿಗೆ ಪಡುವಣ ಬಿಸಿಲು. ಎಡಗನ್ನಡಿ ಬಲಗನ್ನಡಿಗಿಂತ ಐದು ವರ್ಷ ಹಿರಿಯನಂತೆ ಕಾಣುತ್ತಿತ್ತು.

ಮೊದಲು ರೋಗ ಯಾವುದು ನೋಡಿ

ಬಿಳಿ ಕಂಡದ್ದೆಲ್ಲ ಬಿಸಿಲಿನದಲ್ಲ. ಗಾಡಿಯನ್ನು ಬರೀ ನೀರಿನಲ್ಲಿ ತೊಳೆದು ಒಣಗಿಸಿ. ಒಂದು ಬಟ್ಟಲು ನೀರು ಹಿಡಿದು ಪ್ರತಿ ಭಾಗಕ್ಕೂ ಬೆರಳು ಅದ್ದಿ ಸವರುತ್ತಾ ಹೋಗಿ.

ಒದ್ದೆಯಾದಾಗ ಪೂರ್ತಿ ಕಪ್ಪಾಗಿ, ಒಣಗಿದಾಗ ಬೂದಿಯಾದರೆ ಅದು ಬಿಸಿಲಿನ ಕೆಲಸ. ಖುಷಿಪಡಿ, ಇದು ಚೆನ್ನಾಗಿ ವಾಪಸ್ ಬರುತ್ತದೆ.

ಒದ್ದೆ ಮಾಡಿದರೂ ಬಿಳಿ ಗೆರೆ ಹಾಗೇ ಇದ್ದು, ಅದೂ ಬಣ್ಣದ ತಗಡಿನ ಅಂಚಿನಲ್ಲಿ, ಪ್ಲಾಸ್ಟಿಕ್ಕಿನ ಚರ್ಮದಂಥ ಗೆರೆಗಳ ಒಳಗೆ ಕೂತಿದ್ದರೆ ಅದು ಒಣಗಿದ ಪಾಲಿಶ್. ಯಾರೋ ಬಾನೆಟ್ಟಿಗೆ ವ್ಯಾಕ್ಸ್ ಉಜ್ಜುವಾಗ ಕೈತಪ್ಪಿ ಇಲ್ಲಿಗೂ ಬಳಿದಿದ್ದಾರೆ. ನನ್ನ ಗಾಡಿಯ ಬಾಗಿಲ ಪಟ್ಟಿಯಲ್ಲಿ ಅರ್ಧ ಬಿಳಿ ಇದೇ ಆಗಿತ್ತು. ಒಂದು ವಾಷಿಂಗ್ ಸೆಂಟರ್‌ನಲ್ಲಿ ದೀಪಾವಳಿಗೆ ಮಾಡಿಸಿದ ಪಾಲಿಶಿನ ನೆನಪು ಅದು.

ದುಂಡಗಿನ ಚುಕ್ಕೆ, ನೀರು ಇಳಿದ ಜಾಡು ಕಂಡರೆ ಗಡಸು ನೀರಿನ ಸುಣ್ಣ. ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಲ್ಲೇ ಒಣಗಲು ಬಿಡುವವರ ಗಾಡಿಯಲ್ಲಿ ಇದು ಗ್ಯಾರಂಟಿ.

ಇನ್ನೊಂದು ಇದೆ. ಬೆರಳಿಗೆ ಸೀಮೆಸುಣ್ಣದಂತೆ ಪುಡಿ ಹತ್ತುತ್ತದೆ, ಉಗುರು ಎಳೆದರೆ ಬಿರುಕು ಸಿಗುತ್ತದೆ, ನೀರು ಹಾಕಿದರೂ ಅರೆಬರೆ ಕಪ್ಪಷ್ಟೇ ಬರುತ್ತದೆ. ಅಂಥದ್ದಕ್ಕೆ ಬಾಟಲಿ ಔಷಧ ಹಚ್ಚಿ ದುಡ್ಡು ಕಳೆಯಬೇಡಿ. ಪೇಂಟ್ ಮಾಡಬೇಕು, ಇಲ್ಲವೇ ಬದಲಿಸಬೇಕು.

ಹಾಗೇ ಕಪ್ಪಾಗಿರುವುದೆಲ್ಲ ಪ್ಲಾಸ್ಟಿಕ್ ಅಲ್ಲ. ವೈಪರ್ ತೋಳು ಬಣ್ಣ ಬಳಿದ ಕಬ್ಬಿಣ. ಗಾಜಿನ ಅಂಚಿನ ಬೀಡಿಂಗ್ ರಬ್ಬರು. ಬಾಗಿಲ ಚೌಕಟ್ಟಿನ ಮೇಲಿನದು ಕೆಲವು ಗಾಡಿಗಳಲ್ಲಿ ಬರೀ ಕಪ್ಪು ಸ್ಟಿಕರ್. ಕಳಚಿ ತೆಗೆಯಬಹುದಾದ ಭಾಗವಾಗಿದ್ದರೆ ಹಿಂದೆ ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ ಜಾತಿ ಅಚ್ಚು ಹಾಕಿರುತ್ತಾರೆ. ಪಿಪಿ ಅಂತಿದ್ದರೆ ಪಾಲಿಪ್ರೊಪಿಲೀನ್. ಇಪಿಡಿಎಂ ಅಂತ ಜೊತೆಗಿದ್ದರೆ ರಬ್ಬರ್ ಬೆರೆತದ್ದು. ಟಿಡಿ20 ಅಂದರೆ ನೂರಕ್ಕೆ 20 ಪಾಲು ಟಾಲ್ಕ್. ಎಬಿಎಸ್ ಅಂತಿದ್ದರೆ ಅದು ಬೇರೆಯೇ ಪ್ಲಾಸ್ಟಿಕ್, ಶಾಖಕ್ಕೆ ಬೇಗ ಸೋಲುತ್ತದೆ. ಈ ಅಕ್ಷರಗಳು ಮುಂದೆ ಬೇಕಾಗುತ್ತವೆ, ಬರೆದಿಟ್ಟುಕೊಳ್ಳಿ.

ಎಣ್ಣೆಯ ಕಥೆ

ಎಲ್ಲರೂ ಕೊಡುವ ಸಲಹೆ ಎಣ್ಣೆ. ಕೊಬ್ಬರಿ ಎಣ್ಣೆ, ಡೀಸೆಲ್, ತೆಗೆದು ಹಾಕಿದ ಎಂಜಿನ್ ಆಯಿಲ್. ನಾನು ಎಂಜಿನ್ ಆಯಿಲ್ಲೇ ಹಚ್ಚಿದವನು. ಗದಗಿನಲ್ಲಿ ಸಂಬಂಧಿಕರ ಮದುವೆ ಇತ್ತು. ಹಿಂದಿನ ರಾತ್ರಿ ಹಳೇ ಬನಿಯನ್ನಿನಲ್ಲಿ ಎಲ್ಲ ಕಡೆ ಸವರಿದೆ. ಬೆಳಗ್ಗೆ ನೋಡಿದರೆ ಶೋರೂಮಿನಿಂದ ಈಗ ಬಂದಂತೆ! ಅಣ್ಣಿಗೇರಿ ದಾಟುವಷ್ಟರಲ್ಲಿ ಎರೆಭೂಮಿಯ ಧೂಳೆಲ್ಲ ಬಂದು ಅಲ್ಲಿ ಮೆತ್ತಿಕೊಂಡಿತ್ತು. ಗದಗಿನಲ್ಲಿ ಇಳಿದ ಮಾವನವರು ಬಾಗಿಲಿಗೆ ಒರಗಿ ನಿಂತು ಯಾರಿಗೋ ಫೋನ್ ಮಾಡಿದರು. ಬೆಂಗೇರಿಯಿಂದ ತಂದ ಹೊಸ ಖಾದಿ ಅಂಗಿ. ಬೆನ್ನಿನ ಮೇಲೆ ಅಡ್ಡಡ್ಡ ಕರಿ ಪಟ್ಟಿ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಅವರು ಕೂರಲಿಲ್ಲ.

ಎಣ್ಣೆ ಸಂದು ತುಂಬುತ್ತದೆ ನಿಜ. ಆದರೆ ಒಣಗುವುದಿಲ್ಲ, ಧೂಳು ಹಿಡಿಯುತ್ತದೆ. ಮಳೆಗೆ ಜಾರಿ ಬಣ್ಣದ ಮೇಲೆ ಜಾಡು ಬಿಡುತ್ತದೆ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಪಕ್ಕದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಆಮೇಲೆ ಒಳ್ಳೆಯ ಔಷಧ ಹಚ್ಚಲು ಹೋದರೆ ಅದು ಅಂಟುವುದೇ ಇಲ್ಲ. ಬೂಟ್ ಪಾಲಿಶ್ ಕೂಡ ಇದೇ ಜಾತಿ, ಮುಟ್ಟಿದವರ ಕೈಗೆಲ್ಲ ಹತ್ತುತ್ತದೆ. ಹೊರದೇಶದವರು ಪಾಲಿಶ್ ಕಲೆ ತೆಗೆಯಲು ಶೇಂಗಾ ಬೆಣ್ಣೆ ಹಚ್ಚುತ್ತಾರೆ. ಅದರ ಎಣ್ಣೆ ವ್ಯಾಕ್ಸನ್ನು ಕರಗಿಸುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಶೇಂಗಾ ಹಿಂಡಿ ರೊಟ್ಟಿಯ ಪಕ್ಕದಲ್ಲಿದ್ದರೇ ಚಂದ, ಅಲ್ವಾ?

ಬೇಕಾಗುವ ಸಾಮಾನು

ಕಾರ್ ಶಾಂಪೂ, ಎರಡು ಬಕೆಟ್, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ಒಂದು ಹಳೇ ಬಿಳಿ ಬಟ್ಟೆ. ಮೆತ್ತನೆಯ ಹಲ್ಲುಜ್ಜುವ ಬ್ರಷ್ ಒಂದು, ಸ್ವಲ್ಪ ದೊಡ್ಡ ನೈಲಾನ್ ಬ್ರಷ್ ಒಂದು. ಆಲ್ ಪರ್ಪಸ್ ಕ್ಲೀನರ್, ಐಸೊಪ್ರೊಪೈಲ್ ಆಲ್ಕೊಹಾಲ್, ಮಾಸ್ಕಿಂಗ್ ಟೇಪ್, ನೈಟ್ರೈಲ್ ಕೈಗವಸು. ಆಲ್ಕೊಹಾಲ್ ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಬೆಂಕಿ ಬೇಗ ಹಿಡಿಯುವ ವಸ್ತು. ಗಾಳಿ ಆಡುವಲ್ಲಿ ಬಳಸಿ, ಬೀಡಿ-ಸಿಗರೇಟು ದೂರ ಇರಲಿ.

ಮೆಲಮೈನ್ ಸ್ಪಂಜ್ ಅಂತ ಬಿಳಿ ಇಟ್ಟಿಗೆಯಂಥದ್ದು ಸಿಗುತ್ತದೆ, ಗೋಡೆ ಕಲೆ ತೆಗೆಯಲು ಮಾರುತ್ತಾರೆ. ಅದನ್ನೂ ಒಂದು ತನ್ನಿ. ನೋಡಲು ಮೆತ್ತಗಿದ್ದರೂ ಅದು ಸಣ್ಣ ಉಪ್ಪುಕಾಗದದಂತೆ ಉಜ್ಜುತ್ತದೆ. ಬಣ್ಣದ ತಗಡಿಗೆ ತಾಗಿದರೆ ಹೊಳಪು ಹೋಯಿತು ಅಂತಲೇ ಲೆಕ್ಕ.

ತೊಳೆಯುವ ದಿನ

ನೆರಳಲ್ಲಿ ನಿಲ್ಲಿಸಿ. ಪ್ಲಾಸ್ಟಿಕ್ ಮುಟ್ಟಿದರೆ ತಣ್ಣಗಿರಬೇಕು. ಬೇಸಿಗೆಯಲ್ಲಾದರೆ ಬೆಳಗ್ಗೆ ಏಳಕ್ಕೆ ಶುರುಮಾಡಿ ಹತ್ತಕ್ಕೆ ಮುಗಿಸಬೇಕು.

ನೀರಿನ ವಿಷಯ ಸ್ವಲ್ಪ ಹೇಳುತ್ತೇನೆ. ನಮ್ಮ ಓಣಿಗೆ ಮಲಪ್ರಭೆಯ ನಳದ ನೀರು ದಿನಾ ಬರುವುದಿಲ್ಲ, ಬಂದ ದಿನ ಅದನ್ನು ಗಾಡಿಗೆ ಸುರಿದರೆ ಮನೆಯವರು ಸುಮ್ನಿರುವುದಿಲ್ಲ. ಹಾಗಾಗಿ ತೊಳೆಯಲು ಬೋರಿನ ನೀರೇ ಬಳಸುತ್ತೇನೆ. ಕೊನೆಯ ಒಂದು ಬಕೆಟ್ ಮಾತ್ರ ನಳದ ನೀರು. ಕೆಲವರು ಆರ್‌ಓ ಯಂತ್ರದಿಂದ ಹೊರಬೀಳುವ ನೀರು ಕೂಡಿಟ್ಟು ಗಾಡಿ ತೊಳೆಯುತ್ತಾರೆ. ನೀರು ಉಳಿಸುವ ಮನಸ್ಸು ಒಳ್ಳೆಯದು, ಆದರೆ ಯಂತ್ರ ಹೊರಹಾಕಿದ ಲವಣವೆಲ್ಲ ಇರುವುದು ಅದೇ ನೀರಿನಲ್ಲಿ. ಚುಕ್ಕೆ ಇನ್ನೂ ಜಾಸ್ತಿ ಬೀಳುತ್ತದೆ. ಅದನ್ನು ಅಂಗಳ ತೊಳೆಯಲು ಇಟ್ಟುಕೊಳ್ಳಿ.

ಶಾಂಪೂ ಹಾಕಿ ಇಡೀ ಗಾಡಿ ತೊಳೆದು ಒಣಗಿಸಿದ ಮೇಲೆ ಪ್ಲಾಸ್ಟಿಕ್ಕಿನ ಸುತ್ತ ಬಣ್ಣದ ಅಂಚಿಗೆ ಟೇಪ್ ಅಂಟಿಸಿ. ಬೇಜಾರಿನ ಕೆಲಸ, ಆದರೆ ಬಿಡಬೇಡಿ. ಟೇಪನ್ನು ಬಿಸಿಲಲ್ಲಿ ಇಡೀ ದಿನ ಬಿಟ್ಟರೆ ಅಂಟು ಉಳಿದುಕೊಳ್ಳುತ್ತದೆ, ಕೆಲಸ ಮುಗಿದ ಕೂಡಲೇ ಕಿತ್ತುಬಿಡಿ.

ಈಗ ನಿಜವಾದ ಕೆಲಸ. ಕ್ಲೀನರನ್ನು ಹತ್ತು ಪಾಲು ನೀರಿಗೆ ಒಂದು ಪಾಲಿನಂತೆ ಬೆರೆಸಿ. ಬಾಟಲಿ ಮೇಲೆ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಒಂದು ಭಾಗಕ್ಕೆ ಮಾತ್ರ ಸಿಂಪಡಿಸಿ ಅರ್ಧ ನಿಮಿಷ ಬಿಡಿ, ಒಣಗಲು ಬಿಡಬೇಡಿ. ಬ್ರಷ್ಷಿನಿಂದ ಸುತ್ತಸುತ್ತ ಉಜ್ಜಿ. ಆಮೇಲೆ ಗೆರೆಗಳ ದಿಕ್ಕಿನಲ್ಲಿ, ಮತ್ತೆ ಅದಕ್ಕೆ ಅಡ್ಡ. ನೊರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೀರು ಹಾಕಿ, ಮತ್ತೆ ಅದೇ. ಬಿಳಿ ಬಟ್ಟೆ ಒತ್ತಿ ಎಳೆದು ನೋಡಿ. ಮೊದಲ ಸಲ ಮಣ್ಣು, ಎರಡನೇ ಸಲ ಹಳೇ ಡ್ರೆಸಿಂಗಿನ, ಅಂದರೆ ಹೊಳಪಿಗೆ ಹಿಂದೆ ಹಚ್ಚಿದ ದ್ರವದ, ಜಿಡ್ಡು. ನನ್ನ ಗಾಡಿಯ ಜಾಲರಿಗೆ ನಾಲ್ಕು ಸಲ ಬೇಕಾಯಿತು, ಎಂಜಿನ್ ಆಯಿಲ್ಲಿನ ಪುಣ್ಯ. ಬಟ್ಟೆ ಬಿಳಿಯಾಗಿಯೇ ಬರುವ ತನಕ ನಿಲ್ಲಿಸಬೇಡಿ. ತೀರಾ ಸವೆದ ಪ್ಲಾಸ್ಟಿಕ್ಕಿನಿಂದ ಮಾತ್ರ ಎಷ್ಟು ಉಜ್ಜಿದರೂ ಸ್ವಲ್ಪ ಬೂದುಪುಡಿ ಬರುತ್ತಲೇ ಇರುತ್ತದೆ, ಅದು ಪ್ಲಾಸ್ಟಿಕ್ಕೇ, ಕೊಳೆಯಲ್ಲ.

ಪಾಲಿಶ್ ಕಲೆ ಇನ್ನೂ ಕೂತಿದ್ದರೆ ಮೆಲಮೈನ್ ಸ್ಪಂಜನ್ನು ಸಣ್ಣ ತುಂಡು ಮಾಡಿ, ಒದ್ದೆ ಮಾಡಿ, ಒತ್ತದೆ ಉಜ್ಜಿ. ಆಳವಾದ ಗೆರೆಯೊಳಗಿನದಕ್ಕೆ ಆಲ್ಕೊಹಾಲಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ ಸಾಕು. ಗಡಸು ನೀರಿನ ಚುಕ್ಕೆಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ. ಬಟ್ಟೆ ನೆನೆಸಿ ಎರಡು ನಿಮಿಷ ಹೊದಿಸಿ, ಉಜ್ಜಿ, ಚೆನ್ನಾಗಿ ತೊಳೆಯಿರಿ. ಶೌಚಾಲಯ ತೊಳೆಯುವ ಆ್ಯಸಿಡ್ ಹಾಕುವವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ, ಪಕ್ಕದ ಸ್ಕ್ರೂ, ತಗಡು ಎಲ್ಲ ತುಕ್ಕು ಹಿಡಿಯುತ್ತವೆ.

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಕಲೆ ಬೇರೆ ಅಧ್ಯಾಯ. ಅರಿಷಿಣದ ಕಲೆಗೆ ಹೆದರಬೇಡಿ, ಬಿಸಿಲಿಗೆ ಅದು ತಾನೇ ಮಾಸುತ್ತದೆ. ಕುಂಕುಮ ಹಾಗಲ್ಲ. ಅದರಲ್ಲಿ ಕೃತಕ ಬಣ್ಣ ಬೆರೆತಿದ್ದರೆ ಸವೆದ ಪ್ಲಾಸ್ಟಿಕ್ಕಿನ ಬಿರುಕಿಗೆ ಇಳಿದು ಕೂರುತ್ತದೆ. ಅದನ್ನು ಒಣ ಬ್ರಷ್ಷಿನಿಂದ ಮೊದಲು ಕೊಡವಿ. ಸೀದಾ ನೀರು ಹಾಕಿದರೆ ಕಲೆ ಹರಡುತ್ತದೆ. ಆಮೇಲೆ ಆಲ್ಕೊಹಾಲ್ ಹಾಕಿ ಒತ್ತಿ ತೆಗೆಯಿರಿ, ಉಜ್ಜಬೇಡಿ.

ಎಲ್ಲ ಆದ ಮೇಲೆ ಆಲ್ಕೊಹಾಲ್ ಮತ್ತು ನೀರು ಸಮಸಮ ಬೆರೆಸಿ ಕೊನೆಯದಾಗಿ ಒಮ್ಮೆ ಒರೆಸಿ. ಈಗ ಪ್ಲಾಸ್ಟಿಕ್ ಮೊದಲಿಗಿಂತಲೂ ಬೆಳ್ಳಗೆ, ಕೆಟ್ಟದಾಗಿ ಕಾಣುತ್ತದೆ. ಗಾಬರಿ ಆಗಬೇಡಿ, ಸ್ವಚ್ಛವಾಗಿದೆ ಅನ್ನುವುದಕ್ಕೆ ಅದೇ ಗುರುತು. ಸಂದುಗಳಲ್ಲಿ ನೀರು ಉಳಿದಿರುತ್ತದೆ, ಒಂದೆರಡು ತಾಸು ಬಿಡಿ. ಕಾಯುವ ತಾಳ್ಮೆ ಇಲ್ಲದಿದ್ದರೆ ಕೂದಲು ಒಣಗಿಸುವ ಡ್ರೈಯರ್ ತನ್ನಿ.

ಏನು ಹಚ್ಚಬೇಕು?

ಅಂಗಡಿಯಲ್ಲಿ ಸಿಗುವುದೆಲ್ಲ ಒಂದೇ ಅಲ್ಲ. ಬಾಟಲಿ ಮೇಲೆ ಕಪ್ಪು ಬಂಪರ್ ಚಿತ್ರ ಇದ್ದರೂ ಒಳಗಿನ ವಸ್ತು ಬೇರೆಬೇರೆ.

ಮೊದಲನೆಯದು ಡ್ರೆಸಿಂಗ್. ನೀರಿನಲ್ಲಿ ಸಿಲಿಕೋನ್ ಬೆರೆಸಿದ ಹಾಲಿನಂಥ ದ್ರವ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹಚ್ಚುವುದು ಸುಲಭ, ತಪ್ಪಾದರೆ ತೊಳೆದುಬಿಡಬಹುದು. ಕೆಲವು ವಾರ ಇರುತ್ತದೆ, ಜೋರು ಮಳೆ ಬಂದರೆ ಇನ್ನೂ ಬೇಗ ಹೋಗುತ್ತದೆ. ಸ್ವಲ್ಪವೇ ಮಾಸಿದ ಗಾಡಿಗೆ, ತಿಂಗಳಿಗೊಮ್ಮೆ ಕೈಯಾಡಿಸುವ ಆಸಕ್ತಿ ಇರುವವರಿಗೆ ಇದು ಸಾಕು. ಕೊಳ್ಳುವಾಗ ನೇರಳಾತೀತ ಕಿರಣದಿಂದ ರಕ್ಷಣೆ ಇದೆಯೇ ಓದಿ ನೋಡಿ. ಟೈರ್ ಪಾಲಿಶನ್ನೇ ಇಲ್ಲಿಗೂ ಬಳಿಯುವವರಿದ್ದಾರೆ. ಜಿಡ್ಡಿನ ಹೊಳಪು ಬರುತ್ತದೆ, ಆದರೆ ಅಣ್ಣಿಗೇರಿಯ ಕಥೆ ಮತ್ತೆ ಶುರು.

ಎರಡನೆಯದು ಬಣ್ಣ ಇರುವ ರಿಸ್ಟೋರರ್. ಇದರಲ್ಲಿ ಕಪ್ಪು ವರ್ಣವೂ ಇರುತ್ತದೆ, ಪ್ಲಾಸ್ಟಿಕ್ಕಿನ ಸಂದಿನೊಳಗೆ ಕೂರುತ್ತದೆ. ತೀರಾ ಬೆಳ್ಳಗಾದದ್ದಕ್ಕೆ ಇದು ಒಳ್ಳೆಯದು, ತಿಂಗಳುಗಟ್ಟಲೆ ಇರುತ್ತದೆ. ಕೈಗೆ, ಬಣ್ಣಕ್ಕೆ, ಅಂಗಳದ ಟೈಲ್ಸಿಗೆ ಬಿದ್ದರೆ ಹೋಗುವುದು ಕಷ್ಟ. ಕೆಳಗೆ ಹಳೇ ಪೇಪರ್ ಹಾಸಿ.

ಮೂರನೆಯದು ಪ್ಲಾಸ್ಟಿಕ್ಕಿಗೆಂದೇ ಮಾಡಿದ ಸೆರಾಮಿಕ್ ಕೋಟಿಂಗ್. ಸಣ್ಣ ಬಾಟಲಿ, ದೊಡ್ಡ ಬೆಲೆ. ಗಾಳಿಯ ತೇವ ಹೀರಿ ಗಟ್ಟಿಯಾಗಿ ಗಾಜಿನಂಥ ತೆಳು ಪದರ ಕಟ್ಟುತ್ತದೆ. ಸರಿಯಾಗಿ ಹಚ್ಚಿದರೆ ಒಂದು ವರ್ಷ ಧಾರಾಳ ಬರುತ್ತದೆ. ನಾನು ಕೊನೆಗೆ ಬಂದು ನಿಂತದ್ದು ಇಲ್ಲೇ. ತೊಳೆಯಲು ಇಷ್ಟು ಕಷ್ಟಪಟ್ಟ ಮೇಲೆ ಮೂರು ವಾರಕ್ಕೆ ಹೋಗುವ ವಸ್ತು ಹಚ್ಚಲು ಮನಸ್ಸು ಬರಲಿಲ್ಲ.

ಯಾವುದನ್ನು ತಂದರೂ ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಎರಡು ಬೆರಳಗಲ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ನೀರು ಹಾಕಿ ಬೆರಳಿಂದ ಉಜ್ಜಿ ನೋಡಿ. ಹೋದರೆ ಒಂದೋ ತೊಳೆದದ್ದು ಸಾಲದು, ಇಲ್ಲವೇ ಬಾಟಲಿ ಸರಿಯಿಲ್ಲ.

ಕೋಟಿಂಗ್ ಹಚ್ಚುವ ಕ್ರಮ

ಕೈಗವಸು ಹಾಕಿ, ಬಾಟಲಿ ಅಲುಗಿಸಿ. ಅದರ ಜೊತೆ ಬಂದ ಸ್ಪಂಜಿನ ತುಂಡಿಗೆ ಸಣ್ಣ ಬಟ್ಟೆ ಸುತ್ತಿ ಐದಾರು ಹನಿ ಹಾಕಿ. ಒಂದು ಸಲಕ್ಕೆ ಒಂದು ಗೇಣು ಜಾಗ ಮಾತ್ರ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಸವರಿ. ಗೆರೆಗಳ ಒಳಗೂ ಇಳಿಯಲಿ. ಒಂದೆರಡು ನಿಮಿಷದಲ್ಲಿ, ಅಥವಾ ಬಾಟಲಿಯವರು ಹೇಳಿದಷ್ಟು ಹೊತ್ತಿನಲ್ಲಿ, ಸ್ವಚ್ಛ ಮೈಕ್ರೋಫೈಬರ್‌ನಿಂದ ಮೆಲ್ಲಗೆ ಒರೆಸಿ ಸಮ ಮಾಡಿ. ಇಲ್ಲೇ ಎಲ್ಲರೂ ಎಡವುವುದು. ಹೆಚ್ಚಾದದ್ದನ್ನು ಒರೆಸದೆ ಬಿಟ್ಟರೆ ಅದು ಅಲ್ಲೇ ಗಟ್ಟಿಯಾಗಿ ಹೊಳೆಯುವ ಮಚ್ಚೆಯಾಗುತ್ತದೆ. ಆಮೇಲೆ ತೆಗೆಯಲು ಉಜ್ಜಿ ಸವೆಸಬೇಕು, ಬೇರೆ ದಾರಿ ಇಲ್ಲ. ನನ್ನ ಬಲಗಡೆ ಹಿಡಿಕೆಯಲ್ಲಿ ಇನ್ನೂ ಒಂದು ಮಚ್ಚೆ ಇದೆ. ಆ ಕ್ಷಣಕ್ಕೇ ಫೋನ್ ಬಂದಿತ್ತು.

ಬಣ್ಣದ ಮೇಲೆ ಬಿದ್ದ ಹನಿಯನ್ನು ಕೂಡಲೇ ಒರೆಸಿ. ಜಾಲರಿಗೆ ಹಚ್ಚುವಾಗ ಮುಂದಿನ ಗಾಜಿಗೆ ತಾಗದಂತೆ ಬಟ್ಟೆ ಹೊದಿಸಿ. ಗಾಜಿಗೆ ಹತ್ತಿದ ಸಿಲಿಕೋನ್ ಹಗಲು ಕಾಣುವುದಿಲ್ಲ. ರಾತ್ರಿ ಮಳೆಯಲ್ಲಿ ಬೈಪಾಸ್ ಮೇಲೆ ಎದುರಿನ ಲಾರಿ ದೀಪ ಬಿದ್ದಾಗ ಗೊತ್ತಾಗುತ್ತದೆ. ಡ್ರೆಸಿಂಗನ್ನಂತೂ ಪೆಡಲ್, ಸ್ಟೀರಿಂಗ್, ಟೈರಿನ ಓಡುವ ಮೈಗೆ ತಾಗಿಸಲೇಬಾರದು.

ಒಂದು ತಾಸು ಬಿಟ್ಟು ನೋಡಿ. ಅಲ್ಲಲ್ಲಿ ಹೀರಿಕೊಂಡು ಮಾಸಿದಂತೆ ಕಂಡರೆ ಎರಡನೇ ಕೈ ಹಚ್ಚಿ. ಆಮೇಲೆ 24 ಗಂಟೆ ನೀರು ತಾಗಬಾರದು, ಒಂದು ವಾರ ಶಾಂಪೂ ಬೇಡ. ಬಳಸಿದ ಬಟ್ಟೆ ಒಗೆದು ಮತ್ತೆ ಬಳಸಲು ಹೋಗಬೇಡಿ, ಅದು ಒಣಗಿದ ಮೇಲೆ ಗೀರು ಹಾಕುತ್ತದೆ.

ಇದಕ್ಕೆಲ್ಲ ನಮ್ಮ ಊರಿನ ಪಂಚಾಂಗ ನೋಡಬೇಕು. ಏಪ್ರಿಲ್-ಮೇ ಬಿಸಿಗೆ ಕೋಟಿಂಗ್ ಒರೆಸುವ ಮೊದಲೇ ಒಣಗುತ್ತದೆ. ಆಷಾಢದ ಗಾಳಿಗೆ ಧೂಳು ಬಂದು ಕೂರುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ 24 ಗಂಟೆ ಒಣ ಹವೆ ಸಿಗುವುದೇ ಕಷ್ಟ. ದಸರೆ ದಾಟಿದ ಮೇಲೆ ಶಿವರಾತ್ರಿಯ ತನಕ ಒಳ್ಳೆಯ ಕಾಲ. ನಾನು ಮಾಡಿದ್ದು ಡಿಸೆಂಬರಿನಲ್ಲಿ.

ಹೀಟ್ ಗನ್ ಹಿಡಿದವರಿಗೆ

ವಿಡಿಯೋದಲ್ಲಿ ನೋಡಿರುತ್ತೀರಿ. ಬಿಸಿಗಾಳಿ ಹಾಯಿಸಿದಂತೆ ಬೂದಿ ಪ್ಲಾಸ್ಟಿಕ್ ಮಾಯಾಜಾಲದಂತೆ ಕರ್ರಗಾಗುತ್ತದೆ. ಸುಳ್ಳಲ್ಲ. ಮೇಲ್ಪದರ ಸ್ವಲ್ಪ ಕರಗಿ ಬಿರುಕು ಮುಚ್ಚಿಕೊಳ್ಳುತ್ತದೆ. ಆದರೆ ಬಿಸಿಲು ಹಾಳುಮಾಡಿದ ಪ್ಲಾಸ್ಟಿಕ್ ಅದರಿಂದ ಹೊಸದಾಗುವುದಿಲ್ಲ. ಕೆಲವು ತಿಂಗಳಿಗೆ ಮತ್ತೆ ಬೂದಿ. ಪ್ರತಿ ಸಲ ಕಾಯಿಸಿದಾಗಲೂ ಚರ್ಮದಂಥ ಗೆರೆ ಸ್ವಲ್ಪ ಅಳಿಸಿಹೋಗುತ್ತದೆ, ಒಂದೆರಡು ಸಲಕ್ಕಿಂತ ಜಾಸ್ತಿ ತಾಳುವುದಿಲ್ಲ.

ನನಗೆ ಈ ದಾರಿ ಇಷ್ಟವಿಲ್ಲ. ಆದರೂ ಮಾಡುವುದಿದ್ದರೆ ಭಾಗವನ್ನು ಕಳಚಿ ತೆಗೆದು ಮಾಡಿ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಗೆ. ಎಬಿಎಸ್ 100ರ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಗನ್ನಿನ ಬಾಯಲ್ಲಿ ಗಾಳಿ ಇದರ ಎರಡು-ಮೂರು ಪಟ್ಟು ಬಿಸಿ ಇರುತ್ತದೆ. ಹಿಂದೆ ಬರೆದಿಟ್ಟುಕೊಂಡ ಅಕ್ಷರ ಈಗ ನೋಡಿ, ಎಬಿಎಸ್ ಇದ್ದರೆ ಬೇಡವೇ ಬೇಡ. ಗನ್ನನ್ನು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ ಹಿಡಿದು ಇಸ್ತ್ರಿ ಹಾಕುವಂತೆ ಆಡಿಸುತ್ತಲೇ ಇರಬೇಕು. ಒಂದೇ ಕಡೆ ಎರಡು ಸೆಕೆಂಡ್ ನಿಂತರೆ ಹೊಳೆಯುವ ಮಚ್ಚೆ, ಇನ್ನೂ ನಿಂತರೆ ತಗ್ಗು. ಹಳೇ ಡ್ರೆಸಿಂಗ್ ಇರುವ ಪ್ಲಾಸ್ಟಿಕ್ ಕಾಯಿಸಿದರೆ ಕೆಟ್ಟ ಹೊಗೆ ಏಳುತ್ತದೆ, ಹಾಗಾಗಿ ಇಲ್ಲೂ ತೊಳೆಯುವುದು ತಪ್ಪಿದ್ದಲ್ಲ. ಗಾಜಿನ ಹತ್ತಿರ, ರಬ್ಬರಿನ ಹತ್ತಿರ ಹಿಡಿಯಲೇಬೇಡಿ.

ಪೇಂಟ್ ಮಾಡುವುದಾದರೆ

ನನ್ನ ಎಡಗನ್ನಡಿಯ ಕವಚಕ್ಕೆ ಪುಡಿ ಹತ್ತುತ್ತಿತ್ತು. ಅದಕ್ಕೆ ಪೇಂಟೇ ಗತಿಯಾಯಿತು.

ಮೊದಲ ಸಲ ಸ್ಪ್ರೇ ಡಬ್ಬಿ ತಂದು ಸೀದಾ ಹೊಡೆದೆ. ಎರಡು ತಿಂಗಳಿಗೆ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಪಾಲಿಪ್ರೊಪಿಲೀನ್ ಯಾವುದನ್ನೂ ಸುಲಭವಾಗಿ ಅಂಟಿಸಿಕೊಳ್ಳುವುದಿಲ್ಲ. ಮುರಿದ ಪ್ಲಾಸ್ಟಿಕ್ ಬಕೆಟ್ಟಿಗೆ ಯಾವ ಗೋಂದೂ ನಿಲ್ಲುವುದಿಲ್ಲವಲ್ಲ, ಹಾಗೆ. ಅದಕ್ಕೆ ಅಡ್ಹೀಷನ್ ಪ್ರೊಮೋಟರ್ ಅನ್ನುವ ಬಣ್ಣವಿಲ್ಲದ ಅಂಟುಪದರ ಮೊದಲು ಬೇಕು. ಪೇಂಟ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಪ್ರೈಮರ್ ಅಂತ ಕೇಳಿ, ಪಾಲಿಪ್ರೊಪಿಲೀನಿಗೆ ನಡೆಯುತ್ತದೆಯೇ ಅಂತ ಖಚಿತ ಮಾಡಿಕೊಳ್ಳಿ.

ಕವಚ ಕಳಚಿ, ಮೇಲೆ ಹೇಳಿದಂತೆ ತೊಳೆಯಿರಿ. ಬೂದು ಬಣ್ಣದ ಸ್ಕಫ್ ಪ್ಯಾಡಿನಿಂದ ಮೇಲ್ಮೈ ತುಸು ಒರಟಾಗುವಷ್ಟು ಉಜ್ಜಿ. ಪಾತ್ರೆ ತಿಕ್ಕುವ ಹಸಿರು ಪ್ಯಾಡ್ ಬೇಡ, ಅದರ ಗೀರು ಪೇಂಟಿನ ಮೇಲೂ ಕಾಣುತ್ತದೆ. ಆಲ್ಕೊಹಾಲಿನಲ್ಲಿ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಪ್ರೊಮೋಟರ್ ಒಂದು ತೆಳು ಕೈ ಹೊಡೆದು, ಡಬ್ಬಿ ಹೇಳಿದಷ್ಟು ಹೊತ್ತು ಬಿಟ್ಟು, ಅದರ ಮೇಲೆ ಕಪ್ಪು. ಪೂರ್ತಿ ಹೊಳೆಯುವ ಕಪ್ಪು ಬೇಡ, ಮ್ಯಾಟ್ ಅಥವಾ ಸ್ಯಾಟಿನ್ ತನ್ನಿ. ಡಬ್ಬಿಯನ್ನು ಎರಡು ನಿಮಿಷ ಅಲುಗಿಸಿ, 20-25 ಸೆಂಟಿಮೀಟರ್ ದೂರದಿಂದ, ಕವಚದ ಹೊರಗೆ ಶುರುಮಾಡಿ ಹೊರಗೇ ನಿಲ್ಲಿಸುವಂತೆ ಕೈ ಬೀಸಿ. ಮೊದಲ ಕೈಯಲ್ಲೇ ಪೂರ್ತಿ ಮುಚ್ಚುವ ಆಸೆ ಬೇಡ, ಸೋರುತ್ತದೆ. ಹತ್ತು-ಹತ್ತು ನಿಮಿಷ ಬಿಟ್ಟು ಮೂರು ತೆಳು ಕೈ ಸಾಕು. ಮಾಸ್ಕ್ ಹಾಕಿಕೊಳ್ಳಿ. ಮಾರನೇ ದಿನ ಜೋಡಿಸಬಹುದು, ಪೂರ್ತಿ ಗಟ್ಟಿಯಾಗಲು ಒಂದು ವಾರ ಹಿಡಿಯುತ್ತದೆ.

ಜಾಲರಿ ಬಿರುಕು ಬಿಟ್ಟಿದ್ದರೆ ಇಷ್ಟೆಲ್ಲ ಪಡಿಪಾಟಲು ಬೇಡ. ಹೆಚ್ಚು ಮಾರಾಟವಾದ ಹಳೇ ಗಾಡಿಗಳಿಗೆ ಬಿಡಿಭಾಗ ಇನ್ನೂ ಸಿಗುತ್ತದೆ, ಮೊದಲು ಅದರ ಬೆಲೆ ವಿಚಾರಿಸಿ.

ವೈಪರ್ ತೋಳಿನದು ಸಲೀಸು. ತುಕ್ಕು ಉಜ್ಜಿ, ಲೋಹದ ಪ್ರೈಮರ್ ಹೊಡೆದು, ಮ್ಯಾಟ್ ಕಪ್ಪು ಹೊಡೆದರಾಯಿತು. ರಬ್ಬರ್ ಬೀಡಿಂಗಿಗೆ ಪೇಂಟ್ ಬೇಡ. ಶಾಂಪೂ ನೀರಲ್ಲಿ ತೊಳೆದು, ಬಟ್ಟೆಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿ ಸವರಿದರೆ ಸಾಕು.

ಆಮೇಲೆ

ತಿಂಗಳಿಗೊಮ್ಮೆ ನೀರು ಚಿಮುಕಿಸಿ ನೋಡುತ್ತೇನೆ. ಹನಿ ಮಣಿಯಂತೆ ನಿಂತರೆ ಕೋಟಿಂಗ್ ಇನ್ನೂ ಇದೆ. ವಾಷಿಂಗ್ ಸೆಂಟರಿಗೆ ಹೋದರೆ "ಪಾಲಿಶ್ ಬ್ಯಾಡ್ರಿ, ಡೀಸೆಲ್ ಹೊಡೀಬ್ಯಾಡ್ರಿ" ಅಂತ ಮೊದಲೇ ಹೇಳಿ, ಹೇಳಿದ ಮೇಲೂ ಪಕ್ಕದಲ್ಲೇ ನಿಂತಿರುತ್ತೇನೆ. ಬಾನೆಟ್ಟಿಗೆ ವ್ಯಾಕ್ಸ್ ಹಾಕುವ ದಿನ ಪ್ಲಾಸ್ಟಿಕ್ ಅಂಚಿಗೆ ಟೇಪ್. ಖಂಡೇ ಪೂಜೆಗೆ ಕುಂಕುಮವನ್ನು ಬಾನೆಟ್ಟಿನ ಮೇಲೆ ಒಂದು ಎಲೆ ಇಟ್ಟು ಅದಕ್ಕೆ ಹಚ್ಚುತ್ತೇವೆ. ಅಮ್ಮ ಮೊದಲು ಒಪ್ಪಲಿಲ್ಲ, ಎಲೆಯ ಮೇಲೆ ನಿಂಬೆಹಣ್ಣೂ ಇಡಬಹುದು ಅಂದಾಗ ಒಪ್ಪಿದರು.

ಕೋಟಿಂಗ್ ಬಾಟಲಿ ಒಮ್ಮೆ ತೆರೆದರೆ ಜಾಸ್ತಿ ದಿನ ಉಳಿಯುವುದಿಲ್ಲ, ಒಳಗೇ ಗಟ್ಟಿಯಾಗುತ್ತದೆ. ನನ್ನದರಲ್ಲಿ ಅರ್ಧ ಉಳಿದಿತ್ತು. ಮೀಸೆ ನರೆತಿದೆ ಅಂದಿದ್ದ ಪಕ್ಕದ ಮನೆಯವರದು ಬೊಲೆರೊ, ಚಕ್ರದ ಮೇಲಿನ ಪಟ್ಟಿಯೆಲ್ಲ ಬೂದಿ. ಮುಂದಿನ ರವಿವಾರ ಬೆಳಗ್ಗೆ ಏಳಕ್ಕೆ ಬ್ರಷ್ ಹಿಡಿದು ಬರಲು ಹೇಳಿದ್ದೇನೆ.